ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಅಂತರರಾಷ್ಟ್ರೀಯ ಶ್ರಮಿಕ ಸಮಾವೇಶಗಳು

ಅನ್ಯಾನ್ಯ ದೇಶಗಳ ಕಾರ್ಮಿಕ ಸಂಘಗಳ ಪ್ರತಿನಿಧಿಗಳೂ ಎಡಪಂಥೀಯ ಕಾರ್ಯಕರ್ತರೂ ಒಂದೆಡೆ ಕಲೆತು, ಕೂಲಿ, ದುಡಿಮೆಯ ಅವಧಿ, ಸಂಘಸ್ವಾತಂತ್ರ್ಯ, ವ್ಯಾಪಾರದ ಒಪ್ಪಂದಗಳು ಮೊದಲಾದ ವಿಷಯಗಳನ್ನು ಕುರಿತು ಸಮಾಲೋಚಿಸಿ ನಿರ್ಣಯಗಳನ್ನು ಅಂಗೀಕರಿಸುವ ಪದ್ಧತಿಗೆ ಒಂದೂವರೆ ಶತಮಾನಕ್ಕೂ ಮಿಕ್ಕ ಇತಿಹಾಸವುಂಟು. ಈ ಇತಿಹಾಸದಲ್ಲಿ ಸಂಯುಕ್ತ ಅರಬ್ ಸಂಸ್ಥಾನದ ಸ್ಥಾನ ವಿಶಿಷ್ಟವಾದುದು. ಜನಸಂಖ್ಯೆಯ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಪರದೇಶಗಳಿಂದ ಬಂದವರೇ ಆಗಿರುವ ಈ ನಾಡಿನಲ್ಲಿ ಕಾರ್ಮಿಕ ಸಂಘವನ್ನು ಕಟ್ಟುವ ಹಕ್ಕನ್ನು ಕಾನೂನು ಗುರುತಿಸಿಲ್ಲ. ಆದರೂ 21ನೆಯ ಶತಮಾನದ ಮೊದಲ ಎರಡೂವರೆ ದಶಕಗಳಲ್ಲಿ ದುಬೈ ಮತ್ತು ಅಬುಧಾಬಿ ನಗರಗಳು ಶ್ರಮ, ಸಾಲ, ವ್ಯಾಪಾರ, ಹವಾಮಾನಗಳನ್ನು ಕುರಿತ ಮಹಾಸಭೆಗಳಿಗೆ ಮೇಲಿಂದ ಮೇಲೆ ಆತಿಥ್ಯ ನೀಡಿದುದರಿಂದ, ಆ ಸಭೆಗಳ ಬೆನ್ನಿಗೆ ಕಾರ್ಮಿಕ ನಾಯಕರೂ ಚಳವಳಿಗಾರರೂ ಇಲ್ಲಿಗೆ ಬರತೊಡಗಿದರು. ಯಾರ ಬದುಕನ್ನು ಕುರಿತು ಆ ಸಭೆಗಳಲ್ಲಿ ಮಾತು ನಡೆಯಿತೋ ಅವರು ಸಭಾಂಗಣದ ಹೊರಗೆಯೇ ಉಳಿದರೆಂಬುದು ಈ ಸಮಾವೇಶಗಳ ಚರಿತ್ರೆಯ ಮುಖ್ಯ ಲಕ್ಷಣ.

ಶ್ರಮಿಕರ ಅಂತರರಾಷ್ಟ್ರೀಯ ಕೂಟಗಳ ಮೊದಲನೆಯದು 1864ರ ಸೆಪ್ಟೆಂಬರ್ 28ರಂದು ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಹಾಲಿನಲ್ಲಿ ಸೇರಿತು. 1889ರಲ್ಲಿ ಪ್ಯಾರಿಸಿನಲ್ಲಿ ನೆರೆದ ಎರಡನೆಯ ಇಂಟರ್‌ನ್ಯಾಷನಲ್ ಎಂಟು ಗಂಟೆಗಳ ದುಡಿಮೆಯನ್ನು ಬೇಡಿ ಮೇ 1ನ್ನು ಆಚರಿಸಲು ಕರೆಯಿತ್ತಿತು. ಭಾರತಕ್ಕೆ ಈ ಪರಂಪರೆ ತಲಪಿದುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೂಲಕವೆನ್ನಬಹುದು: 1919ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಅದರ ಪ್ರಥಮ ಅಧಿವೇಶನಕ್ಕೆ ಎನ್. ಎಂ. ಜೋಶಿಯವರು ಭಾರತೀಯ ಕಾರ್ಮಿಕರ ಪ್ರತಿನಿಧಿಯಾಗಿ ಹೋದ ತರುವಾಯ, ಇಂಥ ಪ್ರತಿನಿಧಿಯನ್ನು ಆರಿಸಲು ಸ್ವಂತದ ಸಂಘಟನೆಯೊಂದು ಬೇಕೆಂಬ ಅರಿವು ಬಲವಾಗಿ, 1920ರ ಅಕ್ಟೋಬರ್ 31ರಂದು ಮುಂಬಯಿಯಲ್ಲಿ ಲಾಲಾ ಲಜಪತ ರಾಯರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ ಜನ್ಮ ತಾಳಿತು. 1927ರ ಫೆಬ್ರವರಿಯಲ್ಲಿ ಬ್ರಸೆಲ್ಸಿನಲ್ಲಿ ನಡೆದ ಸಾಮ್ರಾಜ್ಯಶಾಹಿ ವಿರೋಧಿ ಸಮ್ಮೇಳನದಲ್ಲಿ ಜವಾಹರಲಾಲ್ ನೆಹರೂ ಭಾಗವಹಿಸಿದರು. ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರು 1929ರಲ್ಲಿ ಬರ್ಲಿನ್ನಿನ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನಕ್ಕೆ ಹೋಗಿ, ಪರಾಧೀನ ದೇಶದ ಹೆಣ್ಣುಮಕ್ಕಳ ದನಿಯನ್ನು ಅಲ್ಲಿ ಕೇಳಿಸಿದರು. 1945ರ ಅಕ್ಟೋಬರಿನಲ್ಲಿ ಪ್ಯಾರಿಸಿನಲ್ಲಿ ಸ್ಥಾಪಿತವಾದ ವಿಶ್ವ ಕಾರ್ಮಿಕ ಸಂಘಗಳ ಒಕ್ಕೂಟವು ಶೀತಲ ಸಮರದ ಬಿರುಕಿನಿಂದ 1949ರಲ್ಲಿ ಇಬ್ಭಾಗವಾಯಿತು. ಬೇರೆಯಾದ ಬಣವು ಇತರ ಸಂಘಗಳೊಡನೆ ಸೇರಿ 2006ರಲ್ಲಿ ವಿಯೆನ್ನಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಗಳ ಮಹಾಒಕ್ಕೂಟವಾಗಿ ಪುನಾರಚನೆಗೊಂಡಿತು.

ಅರಬ್ ಜಗತ್ತೂ ಈ ಪ್ರವಾಹದಿಂದ ದೂರವಿರಲಿಲ್ಲ. ಬಹ್ರೇನಿನಲ್ಲಿ 1938ರಷ್ಟು ಹಿಂದೆಯೇ ತೈಲ ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. ಸೌದಿ ಅರೇಬಿಯಾದ ಅರಾಮ್ಕೋ ಕಂಪನಿಯಲ್ಲಿ 1953ರಲ್ಲೂ 1956ರಲ್ಲೂ ದೊಡ್ಡ ಮುಷ್ಕರಗಳಾದವು. 1956ರಲ್ಲಿ ದಮಾಸ್ಕಸಿನಲ್ಲಿ ಅರಬ್ ಕಾರ್ಮಿಕ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪಿತವಾಯಿತು. 1968ರ ಸೆಪ್ಟೆಂಬರಿನಲ್ಲಿ ಒಮಾನಿನ ಧೋಫಾರ್ ಪ್ರಾಂತದ ಹಮ್ರಿನ್ ಎಂಬಲ್ಲಿ ನೆರೆದ ಕ್ರಾಂತಿಕಾರಿಗಳು ಮಾರ್ಕ್ಸ್‌ವಾದದತ್ತ ಹೊರಳಿ, ಕೊಲ್ಲಿಯ ಸಮಗ್ರ ಕರಾವಳಿಯನ್ನೂ ಬ್ರಿಟಿಷರಿಂದ ಬಿಡಿಸುವ ಸಂಕಲ್ಪವನ್ನು ಘೋಷಿಸಿದರು. ಆ ಘೋಷಣೆಯ ವ್ಯಾಪ್ತಿಯಲ್ಲಿ ಅಂದಿನ ಟ್ರೂಶಿಯಲ್ ಸಂಸ್ಥಾನಗಳೂ, ಎಂದರೆ ಇಂದಿನ ದುಬೈ, ಅಬುಧಾಬಿ ಮೊದಲಾದವೂ ಸೇರಿದ್ದವು. ಈ ಸಂಸ್ಥಾನಗಳಿಗೂ ಭಾರತಕ್ಕೂ ಆಗಲೇ ಹಳೆಯ ನಂಟು. 1959ರಿಂದ 1966ರವರೆಗೆ ಭಾರತದ ರಿಸರ್ವ್ ಬ್ಯಾಂಕು ಅಚ್ಚುಹಾಕಿಸಿದ ‘ಗಲ್ಫ್ ರೂಪಾಯಿ’ಯೇ ಇಲ್ಲಿನ ಸಂತೆಗಳಲ್ಲಿ ಚಲಾವಣೆಯಲ್ಲಿತ್ತು. 1962ರಲ್ಲಿ ದಾಸ್ ದ್ವೀಪದಿಂದ ಅಬುಧಾಬಿಯ ಮೊದಲ ತೈಲ ಹಡಗು ಹೊರಟಿತು. 1971ರ ಡಿಸೆಂಬರ್ 2ರಂದು ಸಂಸ್ಥಾನಗಳು ಒಕ್ಕೂಟವಾದವು. 1972ರಲ್ಲಿ ಹೊಸ ರಾಷ್ಟ್ರವು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸದಸ್ಯತ್ವ ಪಡೆಯಿತು. ನೆರೆಯ ಕುವೈತ್ 1960ರ ದಶಕದಲ್ಲಿಯೂ, ಬಹ್ರೇನ್ 2002ರಲ್ಲಿಯೂ, ಒಮಾನ್ 2006ರಲ್ಲಿಯೂ ಕಾರ್ಮಿಕ ಸಂಘಗಳಿಗೆ ಕಾನೂನಿನ ಮಾನ್ಯತೆ ಕೊಟ್ಟವು. ಸಂಯುಕ್ತ ಅರಬ್ ಸಂಸ್ಥಾನದ 1980ರ ಕಾರ್ಮಿಕ ಕಾನೂನಾಗಲಿ, ಅದರ ಸ್ಥಾನದಲ್ಲಿ 2022ರ ಫೆಬ್ರವರಿಯಿಂದ ಜಾರಿಗೆ ಬಂದ ಹೊಸ ಶಾಸನವಾಗಲಿ ಆ ಹಾದಿಯನ್ನು ಹಿಡಿಯಲಿಲ್ಲ.

ಸಂಘವಿಲ್ಲದ ನಾಡಿನಲ್ಲಿಯೂ ಜನ ಗುಂಪುಗೂಡುತ್ತಾರೆ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು, ಭಟ್ಕಳಗಳಿಂದ ಹೋದವರನ್ನೂ ಒಳಗೊಂಡು ಭಾರತೀಯರೇ 35 ಲಕ್ಷಕ್ಕೂ ಮೇಲ್ಪಟ್ಟು ಇರುವ ಈ ದೇಶದಲ್ಲಿ ಅಂಗಡಿ, ಕಚೇರಿ, ಆಸ್ಪತ್ರೆಗಳಲ್ಲಿ ದುಡಿಯುವವರಿಗೆ ಕರ್ನಾಟಕ ಸಂಘಗಳೂ ತುಳು, ಬ್ಯಾರಿ, ಕೊಂಕಣಿ ಬಳಗಗಳೂ ಉಂಟು. ರಾಜ್ಯೋತ್ಸವ, ಯಕ್ಷಗಾನ, ರಕ್ತದಾನ ಶಿಬಿರ, ತೀರಿಕೊಂಡವನ ದೇಹವನ್ನು ಊರಿಗೆ ಮುಟ್ಟಿಸುವ ಓಡಾಟ ಇವೆಲ್ಲ ಆ ಸಂಘಗಳ ಕಾರ್ಯಕ್ರಮಗಳೇ. ಮಲಯಾಳಿಗಳಲ್ಲಿ ಎಡಪಂಥೀಯ ಒಲವಿನವರು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಅಬುಧಾಬಿಯ ಕೇರಳ ಸೋಷಿಯಲ್ ಸೆಂಟರ್, ಶಕ್ತಿ ಥಿಯೇಟರ್ಸ್ ಮುಂತಾದ ಸಂಸ್ಥೆಗಳ ಮೂಲಕ ನಾಟಕ, ಗ್ರಂಥಾಲಯ, ಸಾಹಿತ್ಯ ಪ್ರಶಸ್ತಿಗಳ ರೂಪದಲ್ಲಿ ತಮ್ಮ ವಿಚಾರಧಾರೆಯನ್ನು ಜೀವಂತವಾಗಿರಿಸಿಕೊಂಡರು. 2019ರ ಫೆಬ್ರವರಿಯಲ್ಲಿ ಕೇರಳದ ಎಡರಂಗ ಸರ್ಕಾರವು ಮುಖ್ಯಮಂತ್ರಿ ಪಿಣರಾಯಿ ವಿಜಯನ್ನರ ನೇತೃತ್ವದಲ್ಲಿ ಲೋಕ ಕೇರಳ ಸಭೆಯ ಪಶ್ಚಿಮ ಏಷ್ಯಾ ಪ್ರಾದೇಶಿಕ ಸಮ್ಮೇಳನವನ್ನು ದುಬೈಯಲ್ಲಿ ನಡೆಸಿದಾಗ, ವಲಸೆ ದುಡಿಮೆಗಾರರ ಕಷ್ಟಗಳನ್ನು ಒಂದು ಚುನಾಯಿತ ಸರ್ಕಾರವೇ ಕೊಲ್ಲಿಯ ನೆಲದಲ್ಲಿ ಕುಳಿತು ಆಲಿಸುವಂತಾಯಿತು. ಕರ್ನಾಟಕದ ಯಾವ ಸರ್ಕಾರವೂ ತನ್ನ ಕೊಲ್ಲಿ ವಲಸಿಗರೊಡನೆ ಈ ಬಗೆಯ ಸಂಬಂಧವನ್ನು ಕಟ್ಟಿಕೊಳ್ಳಲಿಲ್ಲವೆಂಬುದು ಖೇದದ ಸಂಗತಿ.

ಇಂಥ ಸಂಘಗಳ ಬಾಗಿಲನ್ನು ತಟ್ಟುವುದಕ್ಕೂ ಬಿಡುವಿಲ್ಲದವರು ಕಟ್ಟಡದ ಕೆಲಸಗಾರರು. ದುಬೈಯ ಸೋನಾಪುರ, ಅಲ್ ಖೂಸ್, ಅಬುಧಾಬಿಯ ಮುಸಫ್ಫಾ ಮುಂತಾದ ಕಡೆಗಳ ಕ್ಯಾಂಪುಗಳಲ್ಲಿ, ಒಂದರ ಮೇಲೊಂದು ಕಟ್ಟಿದ ಕಬ್ಬಿಣದ ಮಂಚಗಳ ಕೋಣೆಗಳಲ್ಲಿ ಹಲವರು ಒಟ್ಟಿಗೆ ವಾಸಿಸಿ, ಬೆಳಕು ಹರಿಯುವ ಮೊದಲೇ ಎದ್ದು, ಸಾಲು ಒಲೆಗಳ ಅಡುಗೆಮನೆಯಲ್ಲಿ ಬೇಯಿಸಿದ್ದನ್ನು ಡಬ್ಬಿಗೆ ತುಂಬಿಕೊಂಡು, ಕಂಪನಿಯ ಬಸ್ಸು ಏರಿ ಸೈಟಿಗೆ ಹೋಗುವ ಇವರ ದಿನಚರಿಯಲ್ಲಿ ಕೂಟವೆಂದರೆ ವಾರದ ರಜೆಯ ಸಂಜೆ ಮಾತ್ರ. ಊರಿನ ಏಜೆಂಟನಿಗೆ ಕೊಟ್ಟ ಹಣದ ಸಾಲ ತೀರುವ ಮೊದಲೇ ಸಂಬಳ ಎರಡು ಮೂರು ತಿಂಗಳು ತಡವಾದರೆ, ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲಿ ಸಿಕ್ಕಿಕೊಂಡಿದ್ದರೆ, ಆ ಸಂಜೆಯ ಮಾತು ಮುಷ್ಕರಕ್ಕೆ ತಿರುಗುತ್ತದೆ. ಸಂಘವಿಲ್ಲದ ಮುಷ್ಕರದ ರೀತಿಯೇ ಬೇರೆ. ನಸುಕಿನಲ್ಲಿ ಬಸ್ಸುಗಳು ಬಂದು ನಿಂತಿರುತ್ತವೆ; ಯಾರೂ ಹತ್ತುವುದಿಲ್ಲ; ಎಲ್ಲರೂ ಕ್ಯಾಂಪಿನ ಅಂಗಳದಲ್ಲಿಯೋ ಕೋಣೆಗಳಲ್ಲಿಯೋ ಉಳಿದುಬಿಡುತ್ತಾರೆ. ಕಾರ್ಮಿಕ ಸಚಿವಾಲಯದ ಅಧಿಕಾರಿಗಳೂ ಪೊಲೀಸರೂ ಬಂದು ನಿಮ್ಮ ಮುಖಂಡರು ಯಾರೆಂದು ಕೇಳಿದರೆ ಒಬ್ಬರೂ ಮುಂದೆ ಬರುವುದಿಲ್ಲ, ಏಕೆಂದರೆ ಮುಂದೆ ಬಂದವನ ವೀಸಾ ರದ್ದಾಗಿ ಅವನು ಊರಿಗೆ ಹೋಗುವ ವಿಮಾನದಲ್ಲಿ ಕುಳಿತಿರುತ್ತಾನೆ. ಮುಖಂಡನಿಲ್ಲದೆ, ನಿರ್ಣಯವಿಲ್ಲದೆ, ಕರಪತ್ರವಿಲ್ಲದೆ, ಹಿಂದಿ, ತೆಲುಗು, ಬಂಗಾಳಿ, ಪಂಜಾಬಿ, ಪಷ್ತೋ, ನೇಪಾಳಿಗಳನ್ನು ಆಡುವ ನೂರಾರು ಜನ ಹೀಗೆ ಒಂದೇ ನಿಶ್ಚಯಕ್ಕೆ ಬರುವುದನ್ನು ಅಂತರರಾಷ್ಟ್ರೀಯ ಶ್ರಮಿಕ ಸಮಾವೇಶವೆಂದು ಕರೆಯದೆ ಬೇರೇನೆಂದು ಕರೆಯಬೇಕು?

2005ರ ಸೆಪ್ಟೆಂಬರಿನಲ್ಲಿ ಸಂಬಳ ಕಾಣದ ಕಾರ್ಮಿಕರು ದುಬೈಯ ಹೆದ್ದಾರಿಯನ್ನು ತಡೆದರು; ಬಾಕಿಯನ್ನು ಕೂಡಲೇ ತೀರಿಸಬೇಕೆಂದು ಕಾರ್ಮಿಕ ಸಚಿವ ಅಲಿ ಅಲ್ ಕಾಬಿಯವರು ಆಜ್ಞಾಪಿಸಿದರು. 2006ರ ಮಾರ್ಚ್ 21ರಂದು, ಮುಂದೆ ಬುರ್ಜ್ ಖಲೀಫಾ ಎಂದು ಜಗತ್ಪ್ರಸಿದ್ಧವಾದ ಗೋಪುರದ ನಿರ್ಮಾಣಸ್ಥಳದಲ್ಲಿ ಸುಮಾರು 2,500 ಕಾರ್ಮಿಕರು ರೊಚ್ಚಿಗೆದ್ದರು. ಅದೇ ತಿಂಗಳಲ್ಲಿ ಸರ್ಕಾರವು ಕಾರ್ಮಿಕರಿಗೆ ಸಂಘ ಕಟ್ಟುವ ಅವಕಾಶ ಕೊಡುವ ಕಾನೂನನ್ನು ತರುವುದಾಗಿ ಪ್ರಕಟಿಸಿತು. ಆ ಮಾತು ಕಾನೂನಾಗಲಿಲ್ಲ. ನವೆಂಬರಿನಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ಇಲ್ಲಿನ ಕಟ್ಟಡ ಕಾರ್ಮಿಕರ ಸ್ಥಿತಿಯನ್ನು ಕುರಿತ ತನ್ನ ಪ್ರಸಿದ್ಧ ವರದಿಯನ್ನು ಹೊರತಂದಿತು. 2007ರಲ್ಲಿ, ಮತ್ತೆ 2013ರ ಮೇ ತಿಂಗಳಲ್ಲಿ, ಅರಬ್‌ಟೆಕ್ ಕಂಪನಿಯ ಸಹಸ್ರಾರು ಕೆಲಸಗಾರರು ವೇತನ ಹೆಚ್ಚಿಸಬೇಕೆಂದು ಕೆಲಸ ನಿಲ್ಲಿಸಿದರು. ಈ ಮುಷ್ಕರಗಳು ವ್ಯರ್ಥವಾದವೆನ್ನುವುದು ಸರಿಯಲ್ಲ. 2009ರಲ್ಲಿ ವೇತನವನ್ನು ಬ್ಯಾಂಕಿನ ಮೂಲಕವೇ ಪಾವತಿ ಮಾಡಿಸುವ ವ್ಯವಸ್ಥೆ ಬಂದುದೂ, ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಕೂಡದೆಂಬ ನಿಯಮ ನೆಲೆಗೊಂಡುದೂ, 2016ರಿಂದ ಒಪ್ಪಂದ ಮುಗಿಸಿ ಕೆಲಸ ಬದಲಾಯಿಸುವುದು ತಕ್ಕಮಟ್ಟಿಗೆ ಸುಲಭವಾದುದೂ ಆ ಅಂಗಳಗಳಲ್ಲಿ ಕುಳಿತವರ ಮೌನದ ಫಲವೆಂಬುದರಲ್ಲಿ ಈ ಲೇಖಕನಿಗೆ ಸಂದೇಹವಿಲ್ಲ.

ಸಭಾಂಗಣಗಳ ಚರಿತ್ರೆ ಇದಕ್ಕೆ ಸಮಾನಾಂತರವಾಗಿ ಸಾಗಿತು. 1999ರ ನವೆಂಬರ್ ಕೊನೆಯಲ್ಲಿ ಸಿಯಾಟಲ್ ನಗರದಲ್ಲಿ ಕಾರ್ಮಿಕ ಸಂಘಗಳೂ ಪರಿಸರವಾದಿಗಳೂ ಕೂಡಿ ವಿಶ್ವ ವ್ಯಾಪಾರ ಸಂಸ್ಥೆಯ ಸಚಿವ ಸಮ್ಮೇಳನವನ್ನು ತಡೆದ ತರುವಾಯ, 2000ದ ಸೆಪ್ಟೆಂಬರಿನಲ್ಲಿ ಪ್ರಾಗ್ ನಗರದಲ್ಲಿ ವಿಶ್ವಬ್ಯಾಂಕ್ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಯ ವಾರ್ಷಿಕ ಸಭೆಗೂ ಅಂಥದೇ ಪ್ರತಿರೋಧ ಎದುರಾಯಿತು. 2001ರ ನವೆಂಬರಿನಲ್ಲಿ ವ್ಯಾಪಾರ ಸಂಸ್ಥೆ ಕತಾರಿನ ದೋಹಾದಲ್ಲಿ ಸೇರಿತು; 2003ರ ಸೆಪ್ಟೆಂಬರಿನಲ್ಲಿ ಬ್ಯಾಂಕು ಮತ್ತು ನಿಧಿಯ ವಾರ್ಷಿಕ ಸಭೆ ದುಬೈಯಲ್ಲಿ ನಡೆಯಿತು. ಅದೇ ತಿಂಗಳ 10ರಂದು ಮೆಕ್ಸಿಕೋದ ಕಾನ್‌ಕುನ್‌ನಲ್ಲಿ ವ್ಯಾಪಾರ ಸಂಸ್ಥೆಯ ಸಮ್ಮೇಳನ ಆರಂಭವಾದ ದಿನ ಕೊರಿಯಾದ ರೈತ ನಾಯಕ ಲೀ ಕ್ಯುಂಗ್ ಹೇ ಪ್ರತಿಭಟನೆಯ ನಡುವೆ ಪ್ರಾಣತ್ಯಾಗ ಮಾಡಿದ್ದರು. ಎರಡು ವಾರಗಳೂ ಕಳೆಯದೆ ದುಬೈಯಲ್ಲಿ ಹಣಕಾಸು ಸಚಿವರು ಸಭೆ ಸೇರಿದಾಗ ಬೀದಿಗಳು ಶಾಂತವಾಗಿದ್ದವು. ವೀಸಾ ಇಲ್ಲದೆ ಯಾರೂ ಒಳಬರಲಾರದ, ಬಂದವರೂ ಮೆರವಣಿಗೆ ಹೊರಡಲಾರದ ನಗರಗಳನ್ನು ಇಂಥ ಸಭೆಗಳಿಗೆ ಆರಿಸುವುದರಲ್ಲಿ ಏನು ಅನುಕೂಲವಿದೆಯೆಂಬುದನ್ನು ಚಳವಳಿಗಾರರು ಅಂದಿನಿಂದ ಎತ್ತಿ ಹೇಳುತ್ತ ಬಂದಿದ್ದಾರೆ.

2008ರ ಜನವರಿಯಲ್ಲಿ ಅಬುಧಾಬಿಯಲ್ಲಿ ಕೂಡಿದ ಸಭೆ ಬೇರೆ ಜಾತಿಯದು. ದುಡಿಮೆಗಾರರನ್ನು ಕಳುಹಿಸುವ ಏಷ್ಯಾದ ದೇಶಗಳು 2003ರಲ್ಲಿ ಕೊಲಂಬೊದಲ್ಲಿ ಆರಂಭಿಸಿದ್ದ ಸಮಾಲೋಚನೆಗೆ ಬರಮಾಡಿಕೊಳ್ಳುವ ಕೊಲ್ಲಿ ರಾಷ್ಟ್ರಗಳನ್ನೂ ಕೂಡಿಸಿ, ನೇಮಕಾತಿಯಿಂದ ಹಿಂದಿರುಗುವಿಕೆಯವರೆಗಿನ ಕಾರ್ಮಿಕನ ಇಡೀ ಪಯಣವನ್ನು ಉಭಯಪಕ್ಷಗಳೂ ಒಟ್ಟಿಗೆ ನಿರ್ವಹಿಸಬೇಕೆಂಬ ಆಶಯದೊಡನೆ ರೂಪುಗೊಂಡ ಇದು ‘ಅಬುಧಾಬಿ ಸಂವಾದ’ವೆಂಬ ಹೆಸರಿನಿಂದ ಸ್ಥಿರವಾಯಿತು. 2012ರಲ್ಲಿ ಮನಿಲಾ, 2014ರಲ್ಲಿ ಕುವೈತ್, 2017ರಲ್ಲಿ ಕೊಲಂಬೊ, 2019ರಲ್ಲಿ ದುಬೈ ನಗರಗಳಲ್ಲಿ ಅದರ ಸಚಿವ ಮಟ್ಟದ ಸಭೆಗಳಾದವು. ನೇಮಕಾತಿಯ ವೆಚ್ಚವನ್ನು ಕಾರ್ಮಿಕನ ಹೆಗಲಿನಿಂದ ಇಳಿಸುವುದು, ಕೌಶಲಕ್ಕೆ ಪ್ರಮಾಣಪತ್ರ ಕೊಡುವುದು ಮುಂತಾದ ಉಪಯುಕ್ತ ವಿಷಯಗಳು ಅಲ್ಲಿ ಚರ್ಚಿತವಾಗಿವೆ. ಆದರೆ ಅದರ ಸದಸ್ಯರು ಸರ್ಕಾರಗಳು. ಕಾರ್ಮಿಕ ಸಂಘಗಳಿಗೆ ಅಲ್ಲಿ ಸದಸ್ಯತ್ವವಿಲ್ಲ.

ಅಬುಧಾಬಿಯ ಸಾದಿಯಾತ್ ದ್ವೀಪದಲ್ಲಿ ಏಳುತ್ತಿದ್ದ ವಸ್ತುಸಂಗ್ರಹಾಲಯಗಳ ಸುತ್ತ ಹುಟ್ಟಿದ ‘ಗಲ್ಫ್ ಲೇಬರ್’ ಎಂಬ ಕಲಾವಿದರ ಕೂಟ ಇಲ್ಲಿ ಸ್ಮರಣೀಯ. 2011ರ ಮಾರ್ಚಿನಲ್ಲಿ ನೂರಕ್ಕೂ ಹೆಚ್ಚು ಕಲಾವಿದರು, ಕಟ್ಟಡ ಕಾರ್ಮಿಕರ ಹಕ್ಕುಗಳಿಗೆ ಭರವಸೆ ದೊರೆಯುವವರೆಗೆ ಗುಗ್ಗನ್‌ಹೈಮ್ ಅಬುಧಾಬಿಗೆ ತಮ್ಮ ಕೃತಿಗಳನ್ನು ಕೊಡುವುದಿಲ್ಲವೆಂದು ಸಾರಿದರು. 2015ರಲ್ಲಿ ಈ ಕೂಟದೊಡನೆ ದುಡಿದ ನ್ಯೂಯಾರ್ಕಿನ ಪ್ರಾಧ್ಯಾಪಕ ಆಂಡ್ರ್ಯೂ ರಾಸ್, ಲೆಬನಾನ್ ಮೂಲದ ಕಲಾವಿದ ವಾಲಿದ್ ರಾದ್, ಮುಂಬಯಿಯ ಕಲಾವಿದ ಅಶೋಕ್ ಸುಕುಮಾರನ್ ಇವರಿಗೆ ದೇಶದ ಪ್ರವೇಶ ನಿರಾಕೃತವಾಯಿತು. ಅದೇ ವರ್ಷ ವೆನಿಸ್ಸಿನ ದ್ವೈವಾರ್ಷಿಕ ಕಲಾಪ್ರದರ್ಶನದಲ್ಲಿ ಕೂಟವು ತನ್ನ ವಾದವನ್ನು ಮಂಡಿಸಿತು. ಸ್ವದೇಶೀ ಪ್ರಜೆಗಳ ಸಂಘಟನೆಗಳಿಗೂ ಅದಾಗಲೇ ಬಿಕ್ಕಟ್ಟು ಬಂದಿತ್ತು: 2011ರ ಮಾರ್ಚಿನಲ್ಲಿ 133 ಮಂದಿ ಸಹಿ ಹಾಕಿದ ರಾಜಕೀಯ ಸುಧಾರಣೆಯ ಮನವಿಯ ಹಿನ್ನೆಲೆಯಲ್ಲಿ ನ್ಯಾಯವಾದಿಗಳ ಸಂಘ ಮತ್ತು ಶಿಕ್ಷಕರ ಸಂಘಗಳ ಆಡಳಿತ ಮಂಡಲಿಗಳನ್ನು ಸರ್ಕಾರ ವಿಸರ್ಜಿಸಿತು. ವೃತ್ತಿಪರರ ಸಂಘಟನೆಯೊಂದು ಕಾರ್ಮಿಕ ಸಂಘದ ಸಮೀಪಕ್ಕೆ ಬರಬಹುದಾಗಿದ್ದ ದಾರಿ ಅಲ್ಲಿಗೆ ಕಿರಿದಾಯಿತು.

2023ರ ನವೆಂಬರ್ 30ರಿಂದ ಡಿಸೆಂಬರ್ 13ರವರೆಗೆ ದುಬೈಯ ಎಕ್ಸ್‌ಪೋ ಸಿಟಿಯಲ್ಲಿ ನಡೆದ ವಿಶ್ವಸಂಸ್ಥೆಯ 28ನೆಯ ಹವಾಮಾನ ಸಮ್ಮೇಳನವು ಕಾರ್ಮಿಕ ಸಂಘಗಳ ಪ್ರತಿನಿಧಿಗಳು ಈ ನೆಲದಲ್ಲಿ ಬಹಿರಂಗವಾಗಿ, ತಮ್ಮ ಹೆಸರಿನಿಂದಲೇ, ಕಲೆತ ಮಹತ್ತ್ವದ ಪ್ರಸಂಗ. ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ ವ್ಯವಸ್ಥೆಯಲ್ಲಿ ಕಾರ್ಮಿಕ ಸಂಘಗಳಿಗೆ ಪ್ರತ್ಯೇಕ ಸ್ಥಾನವಿರುವುದರಿಂದ, ಅಂತರರಾಷ್ಟ್ರೀಯ ಮಹಾಒಕ್ಕೂಟದ ನೇತೃತ್ವದಲ್ಲಿ ನಾನಾ ದೇಶಗಳ ಸಂಘಗಳವರು ಒಳಪ್ರವೇಶಿಸಿದರು. ಕಲ್ಲಿದ್ದಲು, ತೈಲಗಳ ಕೆಲಸ ನಿಂತುಹೋದಾಗ ಆ ಕೆಲಸಗಾರರ ಗತಿಯೇನು ಎಂಬುದು ಅವರ ಪ್ರಶ್ನೆ. ಸಮ್ಮೇಳನವು ಅಂಗೀಕರಿಸಿದ ‘ನ್ಯಾಯಯುತ ಪರಿವರ್ತನೆ’ಯ ಕಾರ್ಯಕ್ರಮಕ್ಕೆ ಸಂಯುಕ್ತ ಅರಬ್ ಸಂಸ್ಥಾನದ ಹೆಸರೇ ಇಡಲ್ಪಟ್ಟಿತು, ಅದರ ಪಠ್ಯದಲ್ಲಿ ಕಾರ್ಮಿಕ ಹಕ್ಕುಗಳ ಉಲ್ಲೇಖವನ್ನು ಸೇರಿಸುವುದರಲ್ಲಿ ಸಂಘಗಳು ಸಫಲವಾದವು. ಸಂಘಸ್ವಾತಂತ್ರ್ಯಕ್ಕೆ ಮಾನ್ಯತೆಯಿಲ್ಲದ ನೆಲದಿಂದಲೇ ಇಂಥ ಪಠ್ಯ ಹೊರಟುದು ಚರಿತ್ರೆಯಲ್ಲಿ ದಾಖಲಾಗತಕ್ಕ ವಿಷಯ. ಪ್ರತಿಭಟನೆಗೆ ವಿಶ್ವಸಂಸ್ಥೆಯ ಆಡಳಿತಕ್ಕೊಳಪಟ್ಟ ‘ನೀಲಿ ವಲಯ’ದ ಒಳಗೆ, ಅದರ ಅನುಮತಿಯ ಮೇರೆಗೆ, ಅವಕಾಶವಿತ್ತು, ಹೊರಗೆ ಇರಲಿಲ್ಲ. ಡಿಸೆಂಬರ್ 9ರಂದು ಅಲ್ಲಿ ಹಲವು ದೇಶಗಳ ಕಾರ್ಯಕರ್ತರು ಒಟ್ಟಾಗಿ ಘೋಷಣೆ ಕೂಗಿದರು. 2017ರಿಂದ ಸೆರೆಯಲ್ಲಿದ್ದ ಎಮಿರಾಟಿ ಮಾನವಹಕ್ಕು ಹೋರಾಟಗಾರ ಅಹ್ಮದ್ ಮನ್ಸೂರರ ಬಿಡುಗಡೆಗಾಗಿಯೂ ಸಣ್ಣ ಗುಂಪೊಂದು ನಿಂತಿತು. ಸಮ್ಮೇಳನದ ಸ್ಥಳವನ್ನು ಸಿದ್ಧಪಡಿಸುತ್ತಿದ್ದ ವಲಸೆ ಕಾರ್ಮಿಕರನ್ನು ನಿಷೇಧಿತ ಮಧ್ಯಾಹ್ನದ ವೇಳೆಯಲ್ಲಿ ಬಿಸಿಲಿಗೆ ದುಡಿಸಲಾಯಿತೆಂದು ಫೇರ್‌ಸ್ಕ್ವೇರ್ ಎಂಬ ಸಂಸ್ಥೆ ಅದಕ್ಕೆ ಮುನ್ನವೇ ವರದಿ ಮಾಡಿತ್ತು. ಭೂಮಿಯ ತಾಪವನ್ನು ಕುರಿತು ಮಾತಾಡಲು ಕಟ್ಟಿದ ಮಂಟಪಕ್ಕೆ ಆ ತಾಪವನ್ನು ಮೈಮೇಲೆ ಹೊತ್ತವರ ಸಾಕ್ಷ್ಯಕ್ಕಿಂತ ಹೆಚ್ಚಿನ ಸಾಕ್ಷ್ಯ ಯಾವುದಿದ್ದೀತು!

2024ರ ಫೆಬ್ರವರಿ ತಿಂಗಳೊಂದರಲ್ಲಿಯೇ ಮೂರು ಕೂಟಗಳು ಒಂದರ ಹಿಂದೊಂದು ಬಂದವು. ಮೊದಲು ದುಬೈಯಲ್ಲಿ ಅಬುಧಾಬಿ ಸಂವಾದದ ಸಚಿವರ ಸಭೆ; 15ರಿಂದ 19ರವರೆಗೆ ಕಠ್ಮಂಡುವಿನಲ್ಲಿ ವಿಶ್ವ ಸಾಮಾಜಿಕ ವೇದಿಕೆ; 26ರಂದು ಅಬುಧಾಬಿಯಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ 13ನೆಯ ಸಚಿವ ಸಮ್ಮೇಳನ. 2001ರಲ್ಲಿ ಬ್ರೆಜಿಲಿನ ಪೋರ್ತೊ ಅಲೆಗ್ರೆಯಲ್ಲಿ ಹುಟ್ಟಿ, 2004ರ ಜನವರಿಯಲ್ಲಿ ಮುಂಬಯಿಗೂ ಬಂದಿದ್ದ ಸಾಮಾಜಿಕ ವೇದಿಕೆಯು ಈ ಬಾರಿ, ಕೊಲ್ಲಿಗೆ ತನ್ನ ಯುವಕರನ್ನು ಅಪಾರ ಸಂಖ್ಯೆಯಲ್ಲಿ ಕಳುಹಿಸುವ ನೇಪಾಳದಲ್ಲಿ ನೆರೆದುದು ಅರ್ಥಪೂರ್ಣವಾಗಿತ್ತು. ಅಬುಧಾಬಿಗೆ ಬಂದ ನಾಗರಿಕ ಸಂಘಟನೆಗಳು ತಮ್ಮ ಕರಪತ್ರ, ಫಲಕಗಳನ್ನು ಕಿತ್ತುಕೊಳ್ಳಲಾಯಿತೆಂದೂ, ಕೆಲವರನ್ನು ತಡೆದು ವಿಚಾರಣೆಗೊಳಪಡಿಸಲಾಯಿತೆಂದೂ ದೂರಿದವು. ಸಮ್ಮೇಳನವು ಮಾರ್ಚ್ ಆರಂಭದವರೆಗೂ ಎಳೆದು, ಸಾರ್ವಜನಿಕ ಧಾನ್ಯ ಸಂಗ್ರಹಕ್ಕೆ ಶಾಶ್ವತ ಪರಿಹಾರವಾಗಲಿ ಮೀನುಗಾರಿಕೆಯ ಸಹಾಯಧನದ ಬಗ್ಗೆ ಒಪ್ಪಂದವಾಗಲಿ ಇಲ್ಲದೆ ಮುಗಿಯಿತು. ಈ ಎರಡು ವಿಷಯಗಳೂ ಕನ್ನಡನಾಡಿಗೆ ದೂರದವಲ್ಲ: ಮೊದಲನೆಯದು ಬೆಂಬಲ ಬೆಲೆಗೆ ರಾಗಿ, ಭತ್ತ ಮಾರುವ ರೈತನದು, ಎರಡನೆಯದು ಮಲ್ಪೆ, ಕಾರವಾರಗಳ ಮೀನುಗಾರನದು.

ಸಮ್ಮೇಳನ ಆರಂಭವಾದ 26ರಂದೇ ಭಾರತದಲ್ಲಿ ಸಂಯುಕ್ತ ಕಿಸಾನ್ ಮೋರ್ಚಾವು ವ್ಯಾಪಾರ ಸಂಸ್ಥೆಯಿಂದ ಹೊರಬರಬೇಕೆಂದು ಒತ್ತಾಯಿಸಿ ಹೆದ್ದಾರಿಗಳಲ್ಲಿ ಟ್ರಾಕ್ಟರುಗಳನ್ನು ನಿಲ್ಲಿಸುವ ಕರೆಯಿತ್ತಿತು. ಅಬುಧಾಬಿಯಲ್ಲಿ ಆಡಲಾಗದ ಮಾತು ಪಂಜಾಬಿನ ಹೆದ್ದಾರಿಯಲ್ಲಿ ಕೇಳಿಸಿತು. ಈ ವಿಷಯದಲ್ಲಿ ಕರ್ನಾಟಕದ ಹಿರಿತನವನ್ನು ಮರೆಯುವಂತಿಲ್ಲ. ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರ ಮುಂದಾಳುತನದಲ್ಲಿ ಕರ್ನಾಟಕ ರಾಜ್ಯ ರೈತ ಸಂಘವು ವ್ಯಾಪಾರ ಸಂಸ್ಥೆ ಜನಿಸುವ ಮೊದಲೇ, ಆ ಸಂಸ್ಥೆಗೆ ತಳಹದಿಯಾದ ಡಂಕೆಲ್ ಕರಡಿನ ಕಾಲದಲ್ಲಿಯೇ, ಬೀಜದ ಹಕ್ಕಿನ ಪ್ರಶ್ನೆಯನ್ನೆತ್ತಿತ್ತು; 1999ರ ಬೇಸಿಗೆಯಲ್ಲಿ ಭಾರತದ ನಾನೂರಕ್ಕೂ ಮಿಕ್ಕ ರೈತರು ಯೂರೋಪಿನ ನಗರಗಳಲ್ಲಿ ಜಾಥಾ ನಡೆಸಿದರು; ಅದೇ ವರ್ಷದ ಆಗಸ್ಟಿನಲ್ಲಿ ‘ಜನತೆಯ ಜಾಗತಿಕ ಕ್ರಿಯೆ’ ಎಂಬ ಅಂತರರಾಷ್ಟ್ರೀಯ ಜಾಲದ ಎರಡನೆಯ ಸಮ್ಮೇಳನ ಬೆಂಗಳೂರಿನಲ್ಲಿ ಜರುಗಿತು. ಸಿಯಾಟಲಿನ ಪ್ರತಿರೋಧಕ್ಕೆ ಮೂರು ತಿಂಗಳು ಮುಂಚೆ ನೆರೆದ ಈ ಕೂಟದಲ್ಲಿ ನಾನಾ ಖಂಡಗಳ ರೈತರೂ ಕಾರ್ಮಿಕರೂ ಆದಿವಾಸಿಗಳೂ ಕುಳಿತು, ಅದೇ ವ್ಯಾಪಾರ ಸಂಸ್ಥೆಯನ್ನು ಎದುರಿಸುವ ಬಗೆಯನ್ನು ಸಮಾಲೋಚಿಸಿದರು. ಕಾರ್ಮಿಕ ಸಂಘಗಳ ಕೇಂದ್ರವಾದ ಸಿಐಟಿಯುವಿನ 17ನೆಯ ಅಖಿಲ ಭಾರತ ಸಮ್ಮೇಳನವೂ 2023ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಸೇರಿತು. ದುಬೈಗೆ ವಿಮಾನದಲ್ಲಿ ನಾಲ್ಕು ಗಂಟೆಯ ದೂರದಲ್ಲಿರುವ ಈ ಊರಿನಲ್ಲಿ ಮೇ ದಿನದ ಮೆರವಣಿಗೆ ನಡೆಯುತ್ತದೆ; ಅದೇ ಊರಿನವನು ದುಬೈಯಲ್ಲಿ ದುಡಿಯುವಾಗ ಅವನಿಗೆ ಮೇ 1ರಂದು ರಜೆಯೂ ಇರುವುದಿಲ್ಲ.

ಆದರೂ ಭಾರತವನ್ನು ಒಂದು ತಕ್ಕಡಿಯಲ್ಲಿಯೂ ಕೊಲ್ಲಿಯನ್ನು ಇನ್ನೊಂದರಲ್ಲಿಯೂ ಇಟ್ಟು ಹೆಮ್ಮೆಪಡುವುದಕ್ಕೆ ಕಾರಣ ಕಡಿಮೆ. 2016ರಲ್ಲಿ ಅಂತರರಾಷ್ಟ್ರೀಯ ಮಹಾಒಕ್ಕೂಟವು ಪ್ರಕಟಿಸಿದ ಹಕ್ಕುಗಳ ಸೂಚ್ಯಂಕವು ಕಾರ್ಮಿಕರಿಗೆ ಅತ್ಯಂತ ಕಠಿಣವಾದ ಹತ್ತು ದೇಶಗಳನ್ನು ಹೆಸರಿಸಿದಾಗ ಸಂಯುಕ್ತ ಅರಬ್ ಸಂಸ್ಥಾನದೊಡನೆ ಭಾರತವೂ ಅದರಲ್ಲಿತ್ತು. ಸಂಘಸ್ವಾತಂತ್ರ್ಯವನ್ನು ಕುರಿತ 87ನೆಯ ಮತ್ತು ಸಾಮೂಹಿಕ ಚೌಕಾಶಿಯನ್ನು ಕುರಿತ 98ನೆಯ ಅಂತರರಾಷ್ಟ್ರೀಯ ಒಡಂಬಡಿಕೆಗಳಿಗೆ ಎರಡೂ ರಾಷ್ಟ್ರಗಳು ಸಹಮತಿಯಿತ್ತಿಲ್ಲ. ಜಿನೀವಾದಲ್ಲಿ ಪ್ರತಿವರ್ಷ ಜೂನಿನಲ್ಲಿ ನೆರೆಯುವ ಕಾರ್ಮಿಕ ಸಮ್ಮೇಳನಕ್ಕೆ ಪ್ರತಿ ದೇಶವೂ ಸರ್ಕಾರದ ಇಬ್ಬರನ್ನೂ, ಮಾಲೀಕರ ಒಬ್ಬರನ್ನೂ, ಕಾರ್ಮಿಕರ ಒಬ್ಬರನ್ನೂ ಕಳುಹಿಸಬೇಕು. ಭಾರತದ ಕಾರ್ಮಿಕರ ಪೀಠಕ್ಕೆ ಯಾವ ಕೇಂದ್ರ ಸಂಘದವರು ಹೋಗಬೇಕೆಂಬುದರಲ್ಲಿ ಪೈಪೋಟಿಯಿದೆ. ಸಂಯುಕ್ತ ಅರಬ್ ಸಂಸ್ಥಾನದ ಪೀಠಕ್ಕೆ ಸಂಘವೇ ಇಲ್ಲದ ಕಾರಣ ವೃತ್ತಿಪರ ಸಂಸ್ಥೆಗಳ ಸಮನ್ವಯ ಮಂಡಲಿಯಿಂದ ಪ್ರತಿನಿಧಿಗಳು ಬಂದದ್ದುಂಟು. ಮುಸಫ್ಫಾದ ಕ್ಯಾಂಪಿನಲ್ಲಿರುವ ಬೀದರದ ಗಾರೆ ಕೆಲಸದವನಾಗಲಿ, ದೇರಾದ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕುಂದಾಪುರದ ಹುಡುಗನಾಗಲಿ ಆ ಎರಡು ಪೀಠಗಳಲ್ಲಿ ಯಾವುದಕ್ಕೂ ತನ್ನ ಪ್ರತಿನಿಧಿಯನ್ನು ಆರಿಸಿಕೊಳ್ಳುವ ವಿಧಾನ ಈವರೆಗೆ ರೂಪುಗೊಂಡಿಲ್ಲ.